ಮೈಕ್ ಸರ್ ಗಂಟಲು

ಆಪರೇಷನ್ ಮುಗಿಸಿಕೊಂಡು ಕೋಚ್ ಮನೆಗೆ ಬಂದ ದಿನ ಅವನ ತಾಯಿಗೆ ಸಿಟ್ಟು ಬಂದದ್ದು ಡಾಕ್ಟರ ಮೇಲಲ್ಲ, ಸೊಸೆಯ ಮೇಲೆ.

"ಬಂದಾಗಿಂದ ನನ್ನ ಹತ್ರ ಒಂದು ಮಾತಾಡಿಲ್ಲ. ಏನು ಹೇಳಿಕೊಟ್ಟಿದ್ದೀಯ ಅವನಿಗೆ?"

"ಅತ್ತೆ, ಮಾತಾಡಬಾರದು ಅಂತ ಡಾಕ್ಟರೇ ಹೇಳಿದ್ದಾರೆ. ಗಂಟಲಲ್ಲಿ ಗಂಟಾಗಿತ್ತಲ್ಲ, ಅದನ್ನ ತೆಗೆದಿದ್ದಾರೆ."

"ಗಂಟು ಕಟ್ಟಿದ್ದೀರಾ? ಎಲ್ಲಿಗೆ ಹೊರಟಿದ್ದೀರಿ?"

ಹಾಲಿನಲ್ಲಿ ಪುಸ್ತಕ ಹಿಡಿದು ಕೂತಿದ್ದ ಮಗಳು ಕಿಸಕ್ಕನೆ ನಕ್ಕಳು. ಕೋಚ್‌ಗೂ ನಗು ಬಂತು. ಆದರೆ ನಗುವುದಕ್ಕೂ ಡಾಕ್ಟರ ಅಪ್ಪಣೆ ಇರಲಿಲ್ಲ. ಅವನು ತಾಯಿಯ ಪಕ್ಕ ಕೂತು, ತನ್ನ ಗಂಟಲು ಮುಟ್ಟಿ ತೋರಿಸಿ, ತುಟಿಯ ಮೇಲೆ ಬೆರಳಿಟ್ಟುಕೊಂಡ.

"ನನಗೇ ಸುಮ್ಮನಿರು ಅಂತಿದ್ದಾನೆ ನೋಡು!" ಎಂದು ಅಜ್ಜಿ ಮುಖ ತಿರುಗಿಸಿದಳು.

ಅಜ್ಜಿಯ ಕಿವಿ ಮಂದವಾಗಿ ವರ್ಷಗಳೇ ಆಗಿದ್ದವು. ಆ ಮನೆಯಲ್ಲಿ ಅವಳಿಗೆ ನೆಟ್ಟಗೆ ಕೇಳಿಸುತ್ತಿದ್ದ ಧ್ವನಿ ಒಂದೇ, ಮಗನದು. ಉಳಿದವರ ಮಾತಿಗೆಲ್ಲ ಅವಳು ಅಂದಾಜಿನ ಮೇಲೆ ಉತ್ತರ ಕೊಡುತ್ತಿದ್ದಳು. ಮಗನ ಧ್ವನಿಯಾದರೂ ಸಾಮಾನ್ಯದ್ದಲ್ಲ. ಹರೆಯದಲ್ಲಿ ಅವನು ಈಗ ಕೋಚ್ ಆಗಿರುವ ಕಾಲೇಜಿನದೇ ಬಾಸ್ಕೆಟ್‌ಬಾಲ್ ಆಟಗಾರ. ಮೊಣಕಾಲು ಕೈಕೊಟ್ಟ ಮೇಲೆ, ಯಾರಿಗೂ ಬೇಡವಾಗಿದ್ದ ಹುಡುಗಿಯರ ಟೀಮನ್ನು ಕಾಲೇಜು ಅವನ ಕೈಗೆ ಹಾಕಿತು. ಬಿರುಕುಬಿಟ್ಟ ಸಿಮೆಂಟು ಕೋರ್ಟು, ಒಂದು ಕಡೆ ವಾಲಿದ ಕಂಬ, ಓಡಿದರೆ ಜನ ನಗುತ್ತಾರೆಂದು ನಡೆಯುತ್ತಿದ್ದ ಹುಡುಗಿಯರು. ಅವನು ಕೂಗಿ ಕೂಗಿಯೇ ಅವರನ್ನು ಓಡಿಸಿದ, ಹಾರಿಸಿದ, ಎರಡು ಸಲ ಅಂತರಕಾಲೇಜು ಫೈನಲ್‌ವರೆಗೂ ಕರೆದೊಯ್ದ. ಹುಡುಗಿಯರು ಹಿಂದಿನಿಂದ ಅವನನ್ನು ಮೈಕ್ ಸರ್ ಎನ್ನುತ್ತಿದ್ದರು. ಅವನು "ಎಡಕ್ಕೆ ಸರಿ!" ಎಂದರೆ ಆಚೆ ಲೈಬ್ರರಿಯಲ್ಲಿ ಓದುತ್ತ ಕೂತವರೂ ಎಡಕ್ಕೆ ಸರಿಯುತ್ತಾರೆ ಎಂಬುದು ಕಾಲೇಜಿನ ಹಳೆಯ ತಮಾಷೆ.

ಈಗ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಗಂಟು ಅಪಾಯದ್ದಲ್ಲ, ಆದರೆ ಸ್ವರತಂತು ಸವೆದುಹೋಗಿದೆ. ಕೆಲವು ವಾರ ಪೂರ್ತಿ ಮೌನ. ಆಮೇಲೆ ಮೆಲುಮಾತು. ಕೂಗುವುದು ಈ ಜನ್ಮಕ್ಕೆ ಮುಗಿಯಿತು. ಹಟ ಮಾಡಿ ಕೂಗಿದರೆ ಇರುವ ಪಿಸುಮಾತೂ ಉಳಿಯುವುದಿಲ್ಲ.

ಮೌನದ ವಾರಗಳು ಅರ್ಧ ಕಳೆದಿರುವಾಗ ಪ್ರಾಂಶುಪಾಲರು ಹಣ್ಣಿನ ಚೀಲ ಹಿಡಿದು ಮನೆಗೆ ಬಂದರು.

"ಟೀಮನ್ನ ಸದ್ಯಕ್ಕೆ ನಿಮ್ಮ ಸಹಾಯಕ ನೋಡಿಕೊಳ್ತಿದ್ದಾನೆ. ಚುರುಕಾಗಿದ್ದಾನೆ. ನಿಮಗೆ ಸ್ಪೋರ್ಟ್ಸ್ ಸ್ಟೋರು ವಹಿಸೋಣ ಅಂತ ನನ್ನ ಯೋಚನೆ. ಸಂಬಳ ಅದೇ. ಕುರ್ಚಿ ಇದೆ, ಫ್ಯಾನಿದೆ. ಚೆಂಡಿಗೆ ಗಾಳಿ ಹೊಡೆಸಿಟ್ರೆ ಸಾಕು, ಬಾಯಿ ತೆಗೆಯೋ ಅಗತ್ಯವೇ ಇಲ್ಲ."

"ತುಂಬಾ ಉಪಕಾರ ಆಯ್ತು ಸರ್," ಎಂದಳು ಹೆಂಡತಿ, ಉಸಿರು ಬಿಟ್ಟು.

ಕೋಚ್ ಬೇಡವೆಂದು ತಲೆಯಾಡಿಸಿದ. ಅದನ್ನು ಸಂಕೋಚವೆಂದುಕೊಂಡ ಪ್ರಾಂಶುಪಾಲರು, "ಪರವಾಗಿಲ್ಲ, ಪರವಾಗಿಲ್ಲ, ಇಷ್ಟು ವರ್ಷ ದುಡಿದಿದ್ದೀರಿ," ಎಂದರು. ಕೋಚ್ ಎದ್ದುಹೋಗಿ ಮಂಚದ ಕೆಳಗಿದ್ದ ಚೆಂಡನ್ನು ತಂದು, ಎರಡೂ ಕೈಯಲ್ಲಿ ತಬ್ಬಿಕೊಂಡು, ಅವರ ಎದುರಿಗೇ ಕೂತ. ಬಿಡುವ ಲಕ್ಷಣ ಕಾಣಲಿಲ್ಲ.

ಪ್ರಾಂಶುಪಾಲರು ಚಹಾದ ಲೋಟ ಕೆಳಗಿಟ್ಟರು. "ಸರಿ. ಈ ಲೀಗ್ ಮುಗಿಯೋವರೆಗೆ ನೋಡೋಣ. ಸೆಮಿಫೈನಲ್‌ಗೆ ಹೋದ್ರೆ ಟೀಮು ನಿಮ್ಮದೇ. ಇಲ್ಲಾಂದ್ರೆ ಸ್ಟೋರಿನ ಬೀಗದ ಕೈ ತಗೊಳ್ತೀರಿ. ಒಪ್ಪಿಗೇನಾ?"

ಕೋಚ್ ಒಪ್ಪಿಗೆಯೆಂದು ತಲೆಯಾಡಿಸಿದ.

ಅವತ್ತು ಊಟಕ್ಕೆ ಕೂತಾಗ ಜಗಳ ಶುರುವಾಯಿತು. ಬಸ್ ಪಾಸು ಕೊಡುವ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಡತಿ ದಿನವಿಡೀ ಗಾಜಿನ ಹಿಂದೆ ಕೂತು ಜನರ ಬೈಗುಳ ಕೇಳಿ ಬಂದಿರುತ್ತಿದ್ದಳು. ಅವಳಿಗೆ ಬೇಕಾದದ್ದು ಸಂಜೆಯ ಹೊತ್ತು ಒಂದಿಷ್ಟು ನೆಮ್ಮದಿ.

"ಏನ್ರೀ ಹಟ ನಿಮ್ಮದು? ಕುರ್ಚಿ ಕೊಡ್ತೀನಿ ಅಂದ್ರೆ ಯಾರಾದ್ರೂ ಬೇಡ ಅಂತಾರಾ?"

ಕೋಚ್ ಚಮಚದಿಂದ ತಟ್ಟೆ ಕುಟ್ಟಿದ.

"ತಟ್ಟೆ ಕುಟ್ಟಬೇಡಿ. ಅಲ್ಲಿ ಕೋರ್ಟಲ್ಲಿ ನಿಂತ್ರೆ ನಿಮ್ಮ ಬಾಯಿ ನಿಮ್ಮ ಮಾತು ಕೇಳುತ್ತಾ? ಒಂದು ತಪ್ಪು ಪಾಸು ಕಂಡ್ರೆ ಸಾಕು, ಕೂಗೇ ಕೂಗ್ತೀರಿ. ಆಮೇಲೆ ಜೀವನಪೂರ್ತಿ ಹೀಗೇ ತಟ್ಟೆ ಕುಟ್ತಾ ಕೂರೋದಾ?"

ಕೋಚ್ ಮಗಳ ಕಡೆ ತಿರುಗಿ ಕೈಯಾಡಿಸಿ ಏನೋ ಹೇಳಲು ನೋಡಿದ.

"ಅಮ್ಮ ಹೇಳೋದು ಸರಿ ಅಂತಿದ್ದಾನೆ ಅಪ್ಪ," ಎಂದಳು ಮಗಳು.

ಅವನು ಮತ್ತೆ ತಟ್ಟೆ ಕುಟ್ಟಿದ.

"ನೂರಕ್ಕೆ ನೂರು ಸರಿ ಅಂತಿದ್ದಾನೆ."

"ಇನ್ನೂ ಅನ್ನ ಬೇಕೇನೋ ಅವನಿಗೆ, ಹಾಕು," ಎಂದು ಅಜ್ಜಿ ಅನ್ನದ ಪಾತ್ರೆಯನ್ನು ಮಗನ ಕಡೆ ತಳ್ಳಿದಳು.

ಸುಮ್ಮನೆ ಕೂರುವುದು ಅವನ ಜಾಯಮಾನವಲ್ಲ. ಹೆಂಡತಿ ಕೆಲಸಕ್ಕೆ, ಮಗಳು ಫಾರ್ಮಸಿ ಕಾಲೇಜಿಗೆ ಹೋದ ಮೇಲೆ ಅವನು ಅಡುಗೆಮನೆಗೆ ನುಗ್ಗಿದ. ಆಲೂಗಡ್ಡೆಯನ್ನು ಒಂದೇ ಅಳತೆಗೆ ಹೆಚ್ಚಿದ, ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ. ಸಂಜೆ ಬಂದ ಹೆಂಡತಿಗೆ ಉಪ್ಪು ಸಿಗಲಿಲ್ಲ.

"ಎಲ್ಲಿ ಹಾಳಾಗಿಹೋಯ್ತು ಇದು?"

ಅವನು ಸಾಲಿನ ತುದಿ ತೋರಿಸಿದ. ಅತಿ ಕುಳ್ಳ ಡಬ್ಬಿ ಅದು.

ಆದರೆ ಮನೆಯ ಮೌನದಿಂದ ನಿಜವಾಗಿ ಕಷ್ಟಕ್ಕೆ ಸಿಕ್ಕಿದವಳು ಅಜ್ಜಿ. ಬಾಗಿಲು ತಟ್ಟಿದ್ದು, ಕುಕ್ಕರ್ ಕೂಗಿದ್ದು, ಊಟಕ್ಕೆ ಕರೆದದ್ದು ಯಾವುದನ್ನೂ ಅವಳಿಗೆ ಈಗ ಯಾರೂ ಮುಟ್ಟಿಸುತ್ತಿರಲಿಲ್ಲ. ಎಲ್ಲರೂ ಸೇರಿ ತನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅವಳು ತಿಳಿದಳು. ಮೊಮ್ಮಗಳು ಹಿಂದೊಮ್ಮೆ ತಂದುಕೊಟ್ಟಿದ್ದ ಕಿವಿ ಮಷೀನನ್ನು, ಕಿವಿಯೊಳಗೆ ಜೀರುಂಡೆ ಕೂತ ಹಾಗಾಗುತ್ತದೆ ಎಂದು ಅವಳು ಬೀರುವಿಗೆ ಎಸೆದಿದ್ದಳು. ಡಾಕ್ಟರು ಮಾತಾಡಲು ಅಪ್ಪಣೆ ಕೊಟ್ಟ ಬೆಳಿಗ್ಗೆ, ಯಾರೂ ಹೇಳದೆ ಅವಳೇ ಅದನ್ನು ಹುಡುಕಿ ಕಿವಿಗೆ ಸಿಕ್ಕಿಸಿಕೊಂಡು ಬಂದು ಮಗನ ಎದುರು ಕೂತಳು.

"ಹೂಂ. ಮಾತಾಡು."

ಕೋಚ್ ಬಾಯಿ ತೆರೆದ. "ಅಮ್ಮಾ, ಚಹಾ ಕುಡಿದೆಯಾ?"

ಒಣ ಎಲೆ ಉಜ್ಜಿದಂಥ ಸದ್ದು. ಅಜ್ಜಿ ಮಷೀನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಇಷ್ಟೇನೇನೋ?"

"ಇಷ್ಟೇ ಅಮ್ಮ."

"ಸಾಕು ಬಿಡು. ಕುಡಿದೆ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಸೊಸೆ ಮೊಮ್ಮಗಳಿಗೆ, "ಇನ್ನು ನಿಮ್ಮಜ್ಜಿ ಎರಡು ದಿನ ಹಾಕ್ಕೊಂಡು ಮತ್ತೆ ಬೀರುವಿಗೆ ಎಸೀತಾರೆ ನೋಡು," ಎಂದದ್ದು ಕೇಳಿಸಿತು.

"ಎಸೆಯಲ್ಲ ಕಣೇ!" ಎಂದು ಅಜ್ಜಿ ಕೂತಲ್ಲಿಂದಲೇ ಕೂಗಿದಳು. ಅಡುಗೆಮನೆಯಲ್ಲಿ ಏನೋ ಕೈಜಾರಿ ಬಿತ್ತು.

ಕೋಚ್ ಕೋರ್ಟಿಗೆ ಮರಳಿದ. ವಿಸಿಲ್ ಊದುವುದೂ ಗಂಟಲಿಗೆ ಆಗದೆಂದು ಅದನ್ನು ಸಹಾಯಕನ ಕೊರಳಿಗೆ ಹಾಕಿದ. ತಾನು ಚಪ್ಪಾಳೆ ತಟ್ಟಿದ, ಟವೆಲ್ ಬೀಸಿದ. ಹುಡುಗಿಯರು ಗೌರವದಿಂದಲೇ ನೋಡುತ್ತಿದ್ದರು. ಆದರೆ ಆಡುವಾಗ ಟವೆಲ್ ನೋಡುತ್ತ ನಿಲ್ಲಲು ಪುರಸೊತ್ತು ಯಾರಿಗಿದೆ?

ಲೀಗಿನ ಮೊದಲ ಪಂದ್ಯದಲ್ಲಿ ಅವರು ಹೀನಾಯವಾಗಿ ಸೋತರು. ಟೈಮ್‌ಔಟ್‌ನಲ್ಲಿ ಅವನ ಮಾತು ಕೇಳಲು ಹುಡುಗಿಯರೆಲ್ಲ ತಲೆಗೆ ತಲೆ ತಾಗಿಸಿ ಬಗ್ಗಿದರೆ, "ಅಲ್ಲೇನು ಹೇನು ಹುಡುಕ್ತಿದ್ದಾರಾ?" ಎಂದು ಎದುರು ಬೆಂಚಿನಿಂದ ಯಾರೋ ಅಂದರು. ಚೆಂಡು ಸಿಕ್ಕವಳೆಲ್ಲ ಒಂದು ಗಳಿಗೆ ನಿಂತು ಕೋಚ್ ಕಡೆ ನೋಡುತ್ತಿದ್ದಳು. ಆ ಒಂದು ಗಳಿಗೆಯಲ್ಲಿ ಎದುರಾಳಿಗಳು ಚೆಂಡು ಕಿತ್ತುಕೊಳ್ಳುತ್ತಿದ್ದರು.

ಪಂದ್ಯ ಮುಗಿದ ಮೇಲೆ ಕ್ಯಾಪ್ಟನ್ ಹತ್ತಿರ ಬಂದಳು. ಉದ್ದ ಕಾಲಿನ ಅವಳನ್ನು ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು, ಅವಳೂ ಒಪ್ಪಿಕೊಂಡಿದ್ದಳು.

"ಬೇಜಾರು ಮಾಡ್ಕೋಬೇಡಿ ಸರ್. ನೀವು ಕೂಗದಿದ್ರೆ ಎಲ್ಲಿ ನಿಲ್ಲಬೇಕು ಅಂತಾನೇ ನಮಗೆ ಗೊತ್ತಾಗಲ್ಲ."

ಮನೆಯಲ್ಲಿ ಅವನು ಅದನ್ನು ಹೇಳಿದ್ದು ಸ್ವಲ್ಪ ಹೆಮ್ಮೆಯಿಂದಲೇ. "ನೋಡು, ಅವರಿಗೆ ನಾನು ಎಷ್ಟು ಬೇಕು," ಎಂದು ಪಿಸುಗುಟ್ಟಿದ.

ಮಗಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವಳು ಚಾಕು ಕೆಳಗಿಟ್ಟಳು. "ಅಪ್ಪ, ಅದು ಹೊಗಳಿಕೆ ಅಲ್ಲ."

"ಮತ್ತೆ?"

"ನಾನು ಸ್ಕೂಲಲ್ಲಿ ಆಟ ಯಾಕೆ ಬಿಟ್ಟೆ ಅಂತ ಯಾವತ್ತಾದ್ರೂ ಕೇಳಿದ್ದೀಯಾ?"

"ಓದು ಜಾಸ್ತಿ ಆಯ್ತು ಅಂದೆ."

"ನೀನು ನಂಬಿದೆ. ಬಾಲ್ ಕೈಗೆ ಬಂತು ಅನ್ನೋದರೊಳಗೆ ನಿನ್ನ ಕೂಗು ಬರ್ತಿತ್ತು. ಪಾಸ್ ಮಾಡು, ನಿಲ್ಲು, ತಿರುಗು. ನಿನ್ನ ಮಾತು ಸರಿಯಾಗೇ ಇರ್ತಿತ್ತು. ಆದ್ರೆ ನಾನು ಯೋಚನೆ ಮಾಡೋಕೆ ನನ್ನ ತಲೇಲಿ ಜಾಗಾನೇ ಉಳೀತಿರಲಿಲ್ಲ. ಆಡ್ತಿದ್ದವನು ನೀನು. ನಾನು ಸುಮ್ನೆ ಓಡ್ತಿದ್ದೆ ಅಷ್ಟೆ. ನಿನ್ನ ಕೊಕ್ಕರೆನೂ ಹಾಗೇ ಓಡ್ತಿದ್ದಾಳೆ."

"ಏ, ತಂದೆಗೆ ಹಾಗೆಲ್ಲ ಅಂತಾರೇನೇ?" ಎಂದಳು ಹೆಂಡತಿ.

"ಅನ್ನಲಿ ಬಿಡು," ಎಂದಳು ಅಜ್ಜಿ. "ಈಗ ನನಗೂ ಕೇಳಿಸುತ್ತೆ."

ಕೋಚ್ ಊಟ ಮುಗಿಸಲಿಲ್ಲ. ತಟ್ಟೆ ತೊಳೆದಿಟ್ಟು ಬಾಲ್ಕನಿಯಲ್ಲಿ ಒಗೆದ ಬಟ್ಟೆ ಮಡಿಸುತ್ತ ನಿಂತ. ಮಗಳ ಮೇಲೆ ಕೋಪ ಬಂತು. ಕೋಪದಲ್ಲಿ ಒಂದೇ ಅಂಗಿಯನ್ನು ಮೂರು ಸಲ ಮಡಿಸಿದ. ಆಮೇಲೆ ಅವಳು ಎಂಟನೇ ಕ್ಲಾಸಿನಲ್ಲಿ ಆಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಚೆಂಡು ಹಿಡಿದ ಕೂಡಲೆ ಅವಳು ಬುಟ್ಟಿಯ ಕಡೆ ನೋಡುತ್ತಿರಲಿಲ್ಲ, ತನ್ನ ಕಡೆಯೇ ನೋಡುತ್ತಿದ್ದಳು. ಅದನ್ನವನು ವಿಧೇಯತೆ ಎಂದುಕೊಂಡಿದ್ದ.

ಮರುದಿನ ಪ್ರಾಕ್ಟೀಸಿಗೆ ಬಂದವನು ಕುರ್ಚಿಯನ್ನು ಕೋರ್ಟಿಗೆ ಬೆನ್ನು ಮಾಡಿ, ಕಾಂಪೌಂಡ್ ಗೋಡೆಯ ಎದುರು ಹಾಕಿಕೊಂಡು ಕೂತ. ಹುಡುಗಿಯರನ್ನು ಹತ್ತಿರ ಕರೆದು ಹೇಳಿದ:

"ನಾನು ನೋಡಲ್ಲ. ಚೆಂಡು ಎಲ್ಲಿದೆ, ಯಾರು ಯಾರನ್ನ ಹಿಡಿದಿದ್ದೀರಿ, ಯಾರು ಬಿಟ್ಟುಹೋದ್ರು, ಎಲ್ಲ ನಿಮ್ಮ ಬಾಯಿಂದ ನನಗೆ ಗೊತ್ತಾಗಬೇಕು. ಗೊತ್ತಾಗದಿದ್ರೆ ಕೈ ಎತ್ತುತ್ತೀನಿ. ಆಟ ಮೊದಲಿಂದ."

ಸಹಾಯಕ ಪಕ್ಕಕ್ಕೆ ಬಂದು ಮೆಲ್ಲಗೆ, "ಸರ್, ಮುಂದಿನ ಪಂದ್ಯಕ್ಕೆ ಜಾಸ್ತಿ ದಿನ ಇಲ್ಲ. ಇದೆಲ್ಲ ಬೇಕಾ?" ಎಂದ.

"ಬೇಕು."

ಮೊದಲ ದಿನ ಅವನ ಕೈ ಕೆಳಗಿಳಿಯಲೇ ಇಲ್ಲ. ಹುಡುಗಿಯರಿಗೆ ಬಾಯೇ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡು, ಮೆಲ್ಲಗೆ ನಗು ಎಂದು ಕೇಳಿಸಿಕೊಂಡೇ ಬೆಳೆದವರು. ಅವರಲ್ಲೂ ಚೆಂಡು ನಡೆಸುವ, ಎಲ್ಲರೂ ಪುಟಾಣಿ ಎನ್ನುತ್ತಿದ್ದ ಕುಳ್ಳಿ ಹಾಜರಿ ಕೂಗಿದಾಗ ಹೇಳುವ "ಪ್ರೆಸೆಂಟ್" ಸಹ ಪಕ್ಕದ ಬೆಂಚಿಗೆ ಕೇಳಿಸುತ್ತಿರಲಿಲ್ಲ.

"ಪುಟಾಣಿ, ನೀನು ಬದುಕಿದ್ದೀಯಾ?" ಎಂದು ಕೋಚ್ ಗೋಡೆಗೇ ಕೇಳಿದ.

"ಇದ್ದೀನಿ ಸರ್."

"ನನ್ನ ಧ್ವನಿ ಹೋಗಿದೆ. ನಿನ್ನದೂ ಹೋಗಿದೆಯಾ?"

ಎಲ್ಲರೂ ನಕ್ಕರು. ಪುಟಾಣಿಗೆ ಅವಮಾನವಾಯಿತು. ಮುಂದಿನ ಸಲ ಚೆಂಡು ಹಿಡಿದವಳು ರೋಷಕ್ಕೇ ಎನ್ನುವಂತೆ, "ಬಾಲ್ ನನ್ನ ಹತ್ರ ಇದೆ!" ಎಂದು ಕಿರುಚಿದಳು. ಕೋಚ್ ಕೈ ಎತ್ತಲಿಲ್ಲ.

ಅದೇ ಪಾಠ ದಿನದಿನವೂ ನಡೆಯಿತು. ಎರಡನೆಯ ಪಂದ್ಯವನ್ನೂ ಸೋತರು, ಆದರೆ ಕೂದಲೆಳೆಯಲ್ಲಿ. ಮೂರನೆಯದನ್ನು ಗೆದ್ದರು. ನಾಲ್ಕನೆಯದನ್ನೂ ಗೆದ್ದರು.

ಒಂದು ಸಂಜೆ ಕೌಂಟರು ಮುಚ್ಚಿ ಹೆಂಡತಿ ನೇರವಾಗಿ ಕೋರ್ಟಿಗೆ ಬಂದಳು. ಗಂಡ ಕದ್ದು ಕೂಗುತ್ತಿದ್ದಾನೋ ಏನೋ ಎಂದು ಪರೀಕ್ಷಿಸುವುದು ಅವಳ ಉದ್ದೇಶ. ಕೈಯಲ್ಲಿ ನೆಪಕ್ಕೊಂದು ಬಿಸಿನೀರಿನ ಫ್ಲಾಸ್ಕ್. ನೋಡಿದರೆ ಗಂಡ ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ಗೋಡೆಗೆ ಮುಖ ಮಾಡಿ ಕೂತಿದ್ದಾನೆ.

"ಇದೇನ್ರೀ ಶಿಕ್ಷೆ? ಯಾರು ಕೊಟ್ಟಿದ್ದು?"

"ಶ್. ಚೆಂಡು ಬಲಗಡೆ ಮೂಲೇಲಿದೆ. ಕೊಕ್ಕರೆ ಒಳಗೆ ಬರ್ತಾಳೆ ಈಗ."

ಹೆಂಡತಿ ತಿರುಗಿ ನೋಡಿದಳು. ಚೆಂಡು ಬಲಗಡೆ ಮೂಲೆಯಲ್ಲಿತ್ತು. ಕೊಕ್ಕರೆ ಒಳಗೆ ಬಂದಳು. ಕೋರ್ಟಿನ ತುಂಬ ಹುಡುಗಿಯರ ಕೂಗು. "ನನಗೆ ಬಿಡು!" "ಹಿಂದೆ ನೋಡೇ!" "ನಾನಿದ್ದೀನಿ, ಹೋಗು!" ಆ ಗಲಾಟೆಯ ನಡುವೆ ಗಂಡ ಕಣ್ಣು ಮುಚ್ಚಿ ಕೂತಿದ್ದ. ಸಂಸಾರ ಹೂಡಿದಾಗಿನಿಂದ ಅವನು ಸುಮ್ಮನೆ ಕೂತು ಇನ್ನೊಬ್ಬರ ಮಾತು ಕೇಳಿದ್ದನ್ನು ಅವಳು ನೋಡಿಯೇ ಇರಲಿಲ್ಲ.

ಅವಳು ಫ್ಲಾಸ್ಕಿನ ಮುಚ್ಚಳ ತೆಗೆದು ಬಿಸಿನೀರು ಬಗ್ಗಿಸಿ ಅವನ ಕೈಗಿಟ್ಟಳು. "ಕುಡೀರಿ. ಆರಿಹೋಗುತ್ತೆ." ಸ್ಟೋರಿನ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ.

ಲೀಗಿನ ಕೊನೆಯ ಪಂದ್ಯ ಗೆದ್ದರೆ ಸೆಮಿಫೈನಲ್, ಸೋತರೆ ಸ್ಟೋರು. ಮೂರು ತಲೆಮಾರೂ ಆಟ ನೋಡಲು ಹೋದವು. ಗಲಾಟೆ ತಡೆಯಲಾರದೆ ಅಜ್ಜಿ ಮಷೀನು ತೆಗೆದು ಪರ್ಸಿಗೆ ಹಾಕಿಕೊಂಡು, ಕಣ್ಣಲ್ಲೇ ಆಟ ನೋಡಿದಳು. ಪ್ರಾಂಶುಪಾಲರು ಮುಂದಿನ ಸಾಲಿನಲ್ಲಿದ್ದರು.

ಕೊನೆಯ ಗಳಿಗೆ. ಕೋಚ್‌ನ ಹುಡುಗಿಯರು ಒಂದೇ ಒಂದು ಪಾಯಿಂಟು ಮುಂದಿದ್ದರು, ಚೆಂಡು ಎದುರಾಳಿಗಳ ಕೈಯಲ್ಲಿತ್ತು. ಅವರಲ್ಲಿ ದೂರದಿಂದಲೇ ಬುಟ್ಟಿಗೆ ಹಾಕುವ ಒಬ್ಬ ಗಟ್ಟಿಗಿತ್ತಿ ಇದ್ದಳು. ಅವಳನ್ನು ಕಾಯಬೇಕಾಗಿದ್ದ ಪುಟಾಣಿ ಕಾಲು ಜಾರಿ ಒಂದು ಹೆಜ್ಜೆ ಹಿಂದೆ ಬಿದ್ದಳು. ಗಟ್ಟಿಗಿತ್ತಿ ಒಂಟಿಯಾಗಿ, ಆರಾಮವಾಗಿ ನಿಂತಳು. ಚೆಂಡು ಅವಳ ಕೈಗೆ ಬಂತು.

ಕೋಚ್ ಎದ್ದು ನಿಂತ. ಬುಟ್ಟಿಯ ಕೆಳಗಿದ್ದ ಕೊಕ್ಕರೆ ಈಗಲೇ ಹೊರಗೆ ಓಡಬೇಕು! "ಕೊಕ್ಕರೆ, ಹೊರಗೆ ಹೋಗು!" ಎಂಬ ಮಾತು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು. ಮೇಲಿನ ಸಾಲಿನಲ್ಲಿ ಹೆಂಡತಿಯೂ ಎದ್ದು ನಿಂತಳು. ಅವನ ಬೆನ್ನು ನೋಡಿಯೇ ಅವಳಿಗೆ ಗೊತ್ತಾಗಿತ್ತು. ಕೋಚ್ ಟವೆಲ್ಲನ್ನು ಬಾಯಿಗೆ ತುರುಕಿ ಹಲ್ಲು ಕಚ್ಚಿದ.

"ಕೊಕ್ಕರೆ, ಅಲ್ಲೇ ನಿಲ್ಲು! ಇವಳು ನನ್ನವಳು!" ಎಂದು ಪುಟಾಣಿ ಕೂಗಿದಳು. ಕೊಕ್ಕರೆ ಹೊರಡಲು ಎತ್ತಿದ್ದ ಕಾಲನ್ನು ಅಲ್ಲೇ ಊರಿದಳು.

ಪುಟಾಣಿ ಸಾವರಿಸಿಕೊಂಡು ಗಾಳಿಯ ಹಾಗೆ ನುಗ್ಗಿ ಬಂದಳು. ಗಟ್ಟಿಗಿತ್ತಿ ಎಸೆಯುವಂತೆ ಕೈ ಎತ್ತಿದಳು, ಎಸೆಯಲಿಲ್ಲ. ಬುಟ್ಟಿಯ ಕೆಳಗೆ ನಿಂತಿದ್ದ ತನ್ನ ಎತ್ತರದ ಜೊತೆಗಾರ್ತಿಗೆ ಚೆಂಡು ದಾಟಿಸಿದಳು. ಕೊಕ್ಕರೆ ಹೊರಗೆ ಓಡಿಹೋಗುತ್ತಾಳೆಂದೇ ಅವಳು ಲೆಕ್ಕ ಹಾಕಿದ್ದಳು. ಕೊಕ್ಕರೆ ಅಲ್ಲೇ ಇದ್ದಳು. ಉದ್ದ ಕೈ ಚಾಚಿದಳು, ಚೆಂಡು ಬೆರಳಿಗೆ ತಾಗಿ ಗೆರೆಯಾಚೆ ಹಾರಿತು, ಆಟ ಮುಗಿದ ಗಂಟೆ ಮೊಳಗಿತು.

ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಸಹಾಯಕ ಕೋಚ್‌ನ ಭುಜ ಹಿಡಿದು ಅಲುಗಾಡಿಸಿದ. ಕೋಚ್ ಬಾಯಿಂದ ಟವೆಲ್ ತೆಗೆದು, ಕೂತುಬಿಟ್ಟ.

ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು, "ಆಗ ಏನು ಕೂಗೋಕೆ ಹೊರಟಿದ್ರಿ?"

"ಹೊರಗೆ ಹೋಗು ಅಂತ."

"ಕೂಗಿದ್ರೆ ಏನಾಗ್ತಿತ್ತು?"

ಕೋಚ್ ಮಗಳ ಕಡೆ ನೋಡಿಯೇ ಉತ್ತರ ಕೊಟ್ಟ. "ಅವಳು ಹೋಗ್ತಿದ್ದಳು. ನಾವು ಸೋಲ್ತಿದ್ವಿ."

ಮಗಳು ಎದ್ದು ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.

ಸೆಮಿಫೈನಲ್‌ನಲ್ಲಿ ಅವರು ಸೋತರು. ಎದುರಾಳಿಗಳು ನಿಜಕ್ಕೂ ಮೇಲಾಗಿದ್ದರು. ಆದರೂ ಹುಡುಗಿಯರು ಕೊನೆಯವರೆಗೂ ಬೆನ್ನುಬಿಡದೆ ಆಡಿದರು. ಪ್ರಾಂಶುಪಾಲರು ಕೊಟ್ಟ ಮಾತಿಗೆ ತಪ್ಪಲಿಲ್ಲ. "ಮುಂದಿನ ವರ್ಷದ ಸೆಲೆಕ್ಷನ್ ಯಾವಾಗ ಇಟ್ಟುಕೊಳ್ತೀರಿ?" ಎಂದಷ್ಟೇ ಕೇಳಿ ಹೋದರು.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿಯರು ಅಳುತ್ತಾರೆಂದು ಕೋಚ್ ಎಣಿಸಿದ್ದ. ಅವರು ಜಗಳಕ್ಕೆ ಬಿದ್ದಿದ್ದರು. ಯಾರು ಎಲ್ಲಿ ನಿಲ್ಲಬೇಕಿತ್ತು, ಯಾರು ಯಾರಿಗೆ ಹೇಳಲಿಲ್ಲ ಎಂದು ದಾರಿಯುದ್ದಕ್ಕೂ ಗಂಟಲು ಹರಿದುಕೊಂಡರು. ಕೋಚ್ ಮನೆಯ ಬೀದಿ ಬಂದರೂ ಜಗಳ ಮುಗಿದಿರಲಿಲ್ಲ. ಹಸಿದಿದ್ದರು ಬೇರೆ. ಅವನು ಎಲ್ಲರನ್ನೂ ಇಳಿಸಿಕೊಂಡು ಮನೆಗೆ ಕರೆತಂದ.

"ಇಷ್ಟು ಜನಕ್ಕಾ?" ಎಂದ ಹೆಂಡತಿ ಆಗಲೇ ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತು ಕೊಕ್ಕರೆಗೆ, "ತಲೆ ಬಗ್ಗಿಸಮ್ಮ, ಚೌಕಟ್ಟು ತಾಗುತ್ತೆ," ಎಂದಳು.

ಊಟದ ಮೇಜು ಕೋರ್ಟಾಯಿತು. ಲೋಟಗಳು ಎದುರಾಳಿಗಳಾದವು, ಚಮಚಗಳು ಇವರ ಕಡೆಯವರು.

"ನಾನಿಲ್ಲಿದ್ದೆ ಕಣೇ, ನೀನು ಕರೀಲೇ ಇಲ್ಲ," ಎಂದಳು ಕೊಕ್ಕರೆ.

"ಕರೆದೆ! ನೀನು ಕಿವಿಗೆ ಹತ್ತಿ ಇಟ್ಕೊಂಡಿದ್ದೆ," ಎಂದಳು ಪುಟಾಣಿ, ಪಕ್ಕದ ಮನೆಯವರಿಗೂ ಕೇಳುವಂತೆ.

"ಇಬ್ಬರದೂ ತಪ್ಪು," ಎಂದು ಮಗಳು ಮೇಜಿನ ಹತ್ತಿರ ಬಂದಳು. ಅವಳು ಆಟದ ಬಗ್ಗೆ ಬಾಯಿಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಒಂದು ಚಮಚವನ್ನು ಎಳೆದು ಮೂಲೆಗೆ ಸರಿಸಿದಳು. "ಇವಳು ಮೊದಲೇ ಇಲ್ಲಿಗೆ ಬಂದಿದ್ರೆ ಈ ಲೋಟ ಅಲ್ಲಾಡೋಕೆ ಆಗ್ತಿರಲಿಲ್ಲ."

"ಆಗ್ತಿತ್ತು!"

"ಹೇಗಾಗುತ್ತೆ? ತೋರಿಸು."

ಕೊಕ್ಕರೆ ಅಡುಗೆಮನೆಯ ಕಡೆ ತಿರುಗಿ ಕೂಗಿದಳು, "ಸರ್, ನೀವೇ ಹೇಳಿ! ಯಾರು ಸರಿ?"

ಒಲೆಯ ಮುಂದೆ ನಿಂತು ಮೊಟ್ಟೆ ಒಡೆದು ಹಾಕುತ್ತಿದ್ದ ಕೋಚ್‌ಗೆ ಉತ್ತರ ಚೆನ್ನಾಗಿ ಗೊತ್ತಿತ್ತು. ಅವನು ತವೆಯ ಮೇಲಿನ ಮೊಟ್ಟೆಯನ್ನು ಮಗುಚಿ, ತಟ್ಟೆಗೆ ಹಾಕಿ, ಬಾಗಿಲಿಗೆ ಬಂದ.

"ಮೊಟ್ಟೆ ಇನ್ನೂ ಯಾರಿಗೆ ಬೇಕು?" ಎಂದು ಪಿಸುಗುಟ್ಟಿದ.

ಯಾರಿಗೂ ಕೇಳಿಸಲಿಲ್ಲ. ಅವರು ಮತ್ತೆ ಮೇಜಿನ ಮೇಲೆ ಬಗ್ಗಿದ್ದರು.